ಓದಲು ಬಾರದ ಅಜ್ಜಿಯೂ ಓದಿ ಹೇಳಬಲ್ಲ ಪುಸ್ತಕ: ಅಜ್ಜ-ಅಜ್ಜಿ, ಮೊಮ್ಮಕ್ಕಳ ಚಿತ್ರಕಥೆಗಳಲ್ಲಿ ಏನಿದೆ?

ಹಾವೇರಿ: "ನನಗ ಓದಾಕ ಬರಂಗಿಲ್ಲ, ಪುಸ್ತಕ ತಗೊಂಡು ಏನ್ ಮಾಡ್ಲಿ?" ಮೊಮ್ಮಗುವಿಗೆ ಒಂದು ಪುಸ್ತಕ ಓದಿ ಹೇಳಿ ಎಂದರೆ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯರು ಕೊಡುವ ಉತ್ತರ ಇದು. ಅಪ್ಪ-ಅವ್ವ ಹೊಲಕ್ಕೋ ಅಂಗಡಿಗೋ ಹೋಗಿರುತ್ತಾರೆ. ಇಲ್ಲವೇ ದುಡಿಯಲು ಬೆಂಗಳೂರು, ಗೋವಾ ಕಡೆ ಹೋಗಿ ಮಗುವನ್ನು ಊರಲ್ಲೇ ಬಿಟ್ಟಿರುತ್ತಾರೆ. ಅಂಗನವಾಡಿ ಬಿಟ್ಟ ಮೇಲೆ ಕತ್ತಲಾಗುವ ತನಕ ಮಗು ಇರುವುದು ಅಜ್ಜ-ಅಜ್ಜಿಯ ಜೊತೆ. ಅಷ್ಟು ಹೊತ್ತು ಮಗುವಿನ ಕೈಯಲ್ಲಿ ಏನಿರುತ್ತದೆ ಎಂದರೆ, ಬಹುತೇಕ ಮೊಬೈಲ್.

2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಮಹಿಳೆಯರ ಸಾಕ್ಷರತೆ ಶೇ. 70ರ ಆಸುಪಾಸಿನಲ್ಲಿತ್ತು. ಅದು ಏಳು ವರ್ಷ ದಾಟಿದ ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ. ಶಾಲೆಗೆ ಹೋಗುವ ಹುಡುಗಿಯರನ್ನು ಬಿಟ್ಟು ಅರವತ್ತು ದಾಟಿದ ಅಜ್ಜಿಯರನ್ನಷ್ಟೇ ಎಣಿಸಿದರೆ ಓದು ಬಲ್ಲವರ ಪಾಲು ಇನ್ನೂ ಕಡಿಮೆ ಇರುತ್ತದೆ ಎಂಬುದಕ್ಕೆ ದೊಡ್ಡ ಲೆಕ್ಕಾಚಾರ ಬೇಕಿಲ್ಲ. ಹಾಗಾದರೆ ಈ ಮನೆಗಳ ಮಕ್ಕಳಿಗೆ ಪುಸ್ತಕ ಸಿಗುವುದು ಒಂದನೇ ಕ್ಲಾಸಿನ ಪಠ್ಯಪುಸ್ತಕ ಬಂದ ಮೇಲೆಯೇ? ಹಾಗೇನೂ ಕಾಯಬೇಕಿಲ್ಲ. ಮಕ್ಕಳ ಪುಸ್ತಕಗಳಲ್ಲಿ ಒಂದು ಜಾತಿ ಇದೆ, ಅದಕ್ಕೆ ಅಕ್ಷರ ಬರಲೇಬೇಕೆಂಬ ಹಟವಿಲ್ಲ. ಅದೇ ಚಿತ್ರಪುಸ್ತಕ. ಅದರಲ್ಲೂ ಅಜ್ಜ-ಅಜ್ಜಿಯೇ ಪಾತ್ರವಾಗಿರುವ ಚಿತ್ರಪುಸ್ತಕಗಳು ಸಾಕಷ್ಟಿವೆ, ಕನ್ನಡದಲ್ಲೂ ಸಿಗುತ್ತವೆ.

ಚಿತ್ರ ಇದ್ದದ್ದೆಲ್ಲ ಚಿತ್ರಪುಸ್ತಕ ಅಲ್ಲ

ಕಥೆಯ ನಡುವೆ ಅಲ್ಲಲ್ಲಿ ಒಂದು ಚಿತ್ರ ಹಾಕಿದರೆ ಅದು ಸಚಿತ್ರ ಕಥೆ ಪುಸ್ತಕ. ಚಿತ್ರ ತೆಗೆದುಹಾಕಿದರೂ ಕಥೆ ನಿಲ್ಲುತ್ತದೆ. ಚಿತ್ರಪುಸ್ತಕದಲ್ಲಿ ಹಾಗಲ್ಲ. ಅರ್ಧ ಕಥೆ ಚಿತ್ರದಲ್ಲೇ ಇರುತ್ತದೆ. "ಅಜ್ಜಿ ಎಲ್ಲ ಕಡೆ ಹುಡುಕಿದಳು" ಎಂದು ಅಕ್ಷರ ಹೇಳುತ್ತದೆ, ಹುಡುಕುತ್ತಿರುವ ವಸ್ತು ಅಜ್ಜಿಯ ತಲೆಯ ಮೇಲೇ ಇರುವುದನ್ನು ಚಿತ್ರ ತೋರಿಸುತ್ತದೆ. ಮಗು ಬಿದ್ದು ಬಿದ್ದು ನಗುವುದು ಇಲ್ಲಿಯೇ. ಓದುವ ದೊಡ್ಡವರಿಗಿಂತ ಮೊದಲು ಓದಲು ಬಾರದ ಮಗುವಿಗೇ ವಿಷಯ ಗೊತ್ತಾಗಿಬಿಟ್ಟಿರುತ್ತದೆ.

ಈ ಪುಸ್ತಕಗಳು ಹೆಚ್ಚಾಗಿ ತೆಳ್ಳಗೆ, 32 ಪುಟದ ಒಳಗೆ ಇರುತ್ತವೆ. ಅದಕ್ಕೆ ಕಾರಣ ಅಚ್ಚಿನ ಮನೆಯದು. ದೊಡ್ಡ ಹಾಳೆಯ ಎರಡೂ ಬದಿ ಮುದ್ರಿಸಿ ಮಡಚಿದರೆ 16 ಪುಟ ಆಗುತ್ತದೆ, ಎರಡು ಹಾಳೆಗೆ 32. ಕಾಗದ ದಂಡವಾಗುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ ತನ್ನ ಮಕ್ಕಳ ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಮೊದಲ ಹಂತದ ಪುಸ್ತಕದಲ್ಲಿ 250 ಪದ ದಾಟುವುದಿಲ್ಲ. ಒಂದು ಮದುವೆ ಕರೆಯೋಲೆಯಲ್ಲಿ ಇರುವಷ್ಟು ಅಕ್ಷರ ಎಂದರೂ ನಡೆದೀತು.

ಅಕ್ಷರಕ್ಕಿಂತ ಚಿತ್ರ ಹೆಚ್ಚು ಹೇಳುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಜಾನ್ ಬರ್ನಿಂಗ್‌ಹ್ಯಾಮ್ 1984ರಲ್ಲಿ ಮಾಡಿದ 'ಗ್ರಾನ್‌ಪಾ' ಒಳ್ಳೆಯ ಉದಾಹರಣೆ. ಒಬ್ಬ ಅಜ್ಜ, ಒಬ್ಬಳು ಪುಟ್ಟ ಮೊಮ್ಮಗಳು. ಇಬ್ಬರ ತುಂಡು ತುಂಡು ಮಾತು ಬಿಟ್ಟರೆ ಅದರಲ್ಲಿ ವಿವರಣೆಯೇ ಇಲ್ಲ. ಆಟ, ತೋಟದ ಕೆಲಸ, ಒಂದು ದಿನ ಸಣ್ಣ ಮುನಿಸು. ಬರಬರುತ್ತ ಅಜ್ಜ ಹೊರಗೆ ಬರುವುದು ಕಡಿಮೆಯಾಗುತ್ತದೆ. ಆಮೇಲೆ ಒಂದು ಪುಟದಲ್ಲಿ ಅಜ್ಜನ ಕುರ್ಚಿ ಖಾಲಿ ಇದೆ, ಹುಡುಗಿ ಅದನ್ನೇ ನೋಡುತ್ತ ಕೂತಿದ್ದಾಳೆ. ಅಜ್ಜ ತೀರಿಕೊಂಡರು ಎಂದು ಎಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೂ ಬೀಳುವುದಿಲ್ಲ.

ಚಾಳೀಸು ಹುಡುಕುವ ಮೊಮ್ಮಗು, ಬರ್ಫಿ ಮಾಡುವ ಅಮ್ಮಚ್ಚಿ

ಕನ್ನಡದ ಮಕ್ಕಳಿಗೆ ಸುಲಭವಾಗಿ ಸಿಗುವ ಪುಸ್ತಕಗಳಲ್ಲಿ ಎರಡನ್ನು ಹೆಸರಿಸಬಹುದು. ಎರಡೂ ಪ್ರಥಮ್ ಬುಕ್ಸ್‌ನವು. ಒಂದು, ನೋನಿ ಬರೆದ ಅಜ್ಜಿಯ ಕನ್ನಡಕದ ಕಥೆ. ಅಜ್ಜಿ ದಿನಾ ಕನ್ನಡಕ ಎಲ್ಲೋ ಇಟ್ಟು ಮರೆಯುತ್ತಾಳೆ. ಹುಡುಕಬೇಕೆಂದರೆ ಕಣ್ಣು ಕಾಣಬೇಕು, ಕಣ್ಣು ಕಾಣಬೇಕೆಂದರೆ ಕನ್ನಡಕ ಬೇಕು. ಕೊನೆಗೆ ಮೊಮ್ಮಗು ಪತ್ತೇದಾರನಾಗಿ ಅಜ್ಜಿ ಇವತ್ತು ಏನೇನು ಮಾಡಿದಳು, ಎಲ್ಲೆಲ್ಲಿ ಕೂತಳು ಎಂದು ಒಂದೊಂದೇ ಸುಳಿವು ಹಿಡಿದು ಹೋಗುತ್ತದೆ. ಇದು ಯಾವ ಊರಿನ ಮನೆಯಲ್ಲಿ ನಡೆಯುವುದಿಲ್ಲ ಹೇಳಿ?

ಇನ್ನೊಂದು ರಾಜೀವ್ ಐಪ್ ಅವರ 'ಅಮ್ಮಚ್ಚೀಸ್ ಅಮೇಜಿಂಗ್ ಮಶೀನ್ಸ್'. ಅಮ್ಮಚ್ಚಿ ಎಂದರೆ ಮಲಯಾಳಂ ಮಾತಾಡುವ ಮನೆಗಳಲ್ಲಿ ಅಜ್ಜಿ. ಆಕೆ ಮತ್ತು ಮೊಮ್ಮಗ ಸೂರಜ್ ಸೇರಿ ಕೊಬ್ಬರಿ ಬರ್ಫಿ ಮಾಡಲು ಹೊರಡುತ್ತಾರೆ. ಆದರೆ ಇದು ಅಡುಗೆ ಪುಸ್ತಕ ಅಲ್ಲ. ಕಾಯಿ ಕೀಳುವುದರಿಂದ ಹಿಡಿದು ಬರ್ಫಿ ತಟ್ಟೆಗೆ ಬರುವ ತನಕ ಆರು ಸರಳ ಯಂತ್ರಗಳು ಬಂದುಹೋಗುತ್ತವೆ: ಸನ್ನೆಕೋಲು, ರಾಟೆ, ಇಳಿಜಾರು, ಬೆಣೆ, ಗಾಲಿ-ಅಚ್ಚು, ತಿರುಪು. ಹೈಸ್ಕೂಲಿನ ವಿಜ್ಞಾನ ಪಾಠವನ್ನು ಒಬ್ಬ ಅಜ್ಜಿ ಹಿತ್ತಲಲ್ಲೇ ಮುಗಿಸಿಬಿಡುತ್ತಾಳೆ. ಪುಸ್ತಕ ಮುಚ್ಚಿದ ಮೇಲೆ ಮನೆಯ ಈಳಿಗೆ, ಬಾವಿಯ ರಾಟೆ, ಬೀಸುವ ಕಲ್ಲಿನ ಗೂಟ ಎಲ್ಲವನ್ನೂ ಮಗು ಬೇರೆ ಕಣ್ಣಿಂದ ನೋಡುತ್ತದೆ. ಅಜ್ಜಿಯನ್ನೂ.

ಇಲ್ಲೊಂದು ತಕರಾರು ಹೇಳಲೇಬೇಕು. ಅಜ್ಜ-ಅಜ್ಜಿಯರ ಚಿತ್ರಪುಸ್ತಕಗಳಲ್ಲಿ ಬಹಳಷ್ಟು ಒಂದೇ ಅಚ್ಚಿನಲ್ಲಿ ಹೊಯ್ದಂತಿರುತ್ತವೆ. ಬಿಳಿ ಕೂದಲಿನ ತುರುಬು, ದುಂಡು ಕನ್ನಡಕ, ಕೈಯಲ್ಲಿ ಉಂಡೆ ಡಬ್ಬಿ. ಅಜ್ಜನಾದರೆ ಆರಾಮ ಕುರ್ಚಿ, ಪೇಪರ್. ಹಾವೇರಿ ಜಿಲ್ಲೆಯ ಅಜ್ಜಿಯರು ಇನ್ನೂ ಕಳೆ ತೆಗೆಯಲು ಹೋಗುತ್ತಾರೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾರೆ, ಸಂತೆಯಲ್ಲಿ ಕೂತು ಸೊಪ್ಪು ಮಾರುತ್ತಾರೆ. ನಲವತ್ತೈದಕ್ಕೇ ಅಜ್ಜಿಯಾದವರಿಗೆ ಕೂದಲು ಬೆಳ್ಳಗಾಗಿರುವುದೂ ಇಲ್ಲ. ಪುಸ್ತಕದ ಅಜ್ಜಿಯನ್ನು ಕಂಡು ಮಗು "ನಮ್ಮಜ್ಜಿ ಹಿಂಗಿಲ್ಲ" ಎಂದರೆ ಮಗುವಿನದು ತಪ್ಪಲ್ಲ.

ಅಮೆರಿಕದ ಒಂದು ಪುಸ್ತಕ ಈ ಅಚ್ಚಿನಿಂದ ಹೊರಬಂದಿದೆ. ಮ್ಯಾಟ್ ಡೆ ಲಾ ಪೆನ್ಯಾ ಬರೆದು ಕ್ರಿಶ್ಚಿಯನ್ ರಾಬಿನ್ಸನ್ ಚಿತ್ರ ಬರೆದ 'ಲಾಸ್ಟ್ ಸ್ಟಾಪ್ ಆನ್ ಮಾರ್ಕೆಟ್ ಸ್ಟ್ರೀಟ್' (2015). ಸಿಜೆ ಎಂಬ ಹುಡುಗ ಅಜ್ಜಿಯ ಜೊತೆ ಮಳೆಯಲ್ಲಿ ಸಿಟಿ ಬಸ್ಸು ಹತ್ತುತ್ತಾನೆ. ನಮ್ಮ ಹತ್ರ ಕಾರು ಯಾಕಿಲ್ಲ, ಅವರೆಲ್ಲ ಹಾಗಿದ್ದಾರೆ ನಾವ್ಯಾಕೆ ಹೀಗೆ ಎಂದು ದಾರಿಯುದ್ದಕ್ಕೂ ಪ್ರಶ್ನೆ. ಅಜ್ಜಿ ಉಪದೇಶಕ್ಕೆ ಇಳಿಯುವುದಿಲ್ಲ, ಬಸ್ಸಿನಲ್ಲಿರುವ ಜನರ ಕಡೆ ಕೈ ತೋರಿಸುತ್ತಾಳೆ. ಇಬ್ಬರೂ ಇಳಿಯುವುದು ಬಡವರಿಗೆ ಊಟ ಬಡಿಸುವ ಜಾಗದಲ್ಲಿ. ಸಾಮಾನ್ಯವಾಗಿ ದೊಡ್ಡ ಮಕ್ಕಳ ಕಾದಂಬರಿಗಳಿಗೆ ಹೋಗುವ ನ್ಯೂಬೆರಿ ಪದಕ 2016ರಲ್ಲಿ ಈ ಪುಟ್ಟ ಪುಸ್ತಕಕ್ಕೆ ಬಂತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಮೊಮ್ಮಕ್ಕಳ ಕೈ ಹಿಡಿದು ಬಸ್ಸು ಹತ್ತುವ ಅಜ್ಜಿಯರನ್ನು ಹಾವೇರಿ ಬಸ್ ನಿಲ್ದಾಣದಲ್ಲಿ ಯಾವ ದಿನ ಬೇಕಾದರೂ ನೋಡಬಹುದು. ಅದನ್ನೇ ಯಾರಾದರೂ ಚಿತ್ರಪುಸ್ತಕ ಮಾಡಿದರೆ ಓದುವವರಿಗೆ ಬರವಿಲ್ಲ.

ಶಿಗ್ಗಾವಿಯ ಅಜ್ಜಿ ಮನೆ

ಅಜ್ಜಿ-ಮೊಮ್ಮಕ್ಕಳ ಕಥೆ ಎಂದರೆ ಜಿಲ್ಲೆಗೆ ಒಂದು ನೇರ ಸಂಬಂಧವೇ ಇದೆ. ಸುಧಾ ಮೂರ್ತಿ ಹುಟ್ಟಿದ್ದು 1950ರಲ್ಲಿ ಶಿಗ್ಗಾವಿಯಲ್ಲಿ. ಅವರ 'ಗ್ರಾಂಡ್ಮಾಸ್ ಬ್ಯಾಗ್ ಆಫ್ ಸ್ಟೋರೀಸ್' (2012) ಪುಸ್ತಕದಲ್ಲಿ ರಜೆಗೆಂದು ಮೊಮ್ಮಕ್ಕಳು ಬಂದು ಸೇರುವ ಅಜ್ಜ-ಅಜ್ಜಿಯ ಮನೆ ಇರುವುದು ಶಿಗ್ಗಾವಿಯಲ್ಲೇ. 2020ರಲ್ಲಿ ಬಂದ ಮುಂದಿನ ಪುಸ್ತಕದಲ್ಲಿ ಲಾಕ್‌ಡೌನ್ ಕಾರಣಕ್ಕೆ ಮಕ್ಕಳು ಮತ್ತೆ ಅದೇ ಮನೆ ಸೇರುತ್ತಾರೆ. ದೇಶದ ಯಾವುದೋ ಮೂಲೆಯಲ್ಲಿ ಇಂಗ್ಲಿಷ್ ಓದುವ ಮಗುವಿಗೂ ಶಿಗ್ಗಾವಿ ಎಂಬ ಹೆಸರು ಗೊತ್ತಿದೆಯೆಂದರೆ ಅದಕ್ಕೆ ಈ ಪುಸ್ತಕಗಳು ಒಂದು ಕಾರಣ. ಆದರೆ ಕೊಳ್ಳುವವರು ಗಮನಿಸಬೇಕಾದ್ದು, ಇವು ಚಿತ್ರಪುಸ್ತಕಗಳಲ್ಲ, ಚಿತ್ರವಿರುವ ಕಥೆ ಪುಸ್ತಕಗಳು. ಮೂರು ವರ್ಷದ ಮಗುವಿಗೆ ತಂದುಕೊಟ್ಟರೆ ಎರಡು ಪುಟಕ್ಕೆ ಎದ್ದು ಓಡುತ್ತದೆ. ಏಳೆಂಟು ವರ್ಷದವರಿಗೆ ಸರಿ.

ಸುಧಾ ಮೂರ್ತಿಯವರದ್ದೇ ಇನ್ನೊಂದು ಬರಹ ಈ ಲೇಖನದ ಮೊದಲ ಪ್ರಶ್ನೆಗೆ ಹತ್ತಿರದ್ದು: ಅಜ್ಜಿಗೆ ಓದು ಕಲಿಸಿದ ಕಥೆ. ಉತ್ತರ ಕರ್ನಾಟಕದ ಒಂದು ಹಳ್ಳಿ. ವಾರಕ್ಕೊಮ್ಮೆ ಬಸ್ಸಿನಲ್ಲಿ 'ಕರ್ಮವೀರ' ಬರುತ್ತದೆ. ಅದರಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ತ್ರಿವೇಣಿಯವರ 'ಕಾಶೀಯಾತ್ರೆ'ಯನ್ನು ಮೊಮ್ಮಗಳು ಅಜ್ಜಿಗೆ ಓದಿ ಹೇಳಬೇಕು. ಮೊಮ್ಮಗಳು ಮದುವೆಗೆಂದು ಬೇರೆ ಊರಿಗೆ ಹೋದಾಗ ಪತ್ರಿಕೆ ಬರುತ್ತದೆ, ಅಜ್ಜಿ ಅದರ ಚಿತ್ರ ನೋಡುತ್ತಾಳೆ, ಅಕ್ಷರದ ಮೇಲೆ ಕೈಯಾಡಿಸುತ್ತಾಳೆ, ಏನೂ ತಿಳಿಯುವುದಿಲ್ಲ. ಅವಮಾನ ಎನಿಸುತ್ತದೆ. 62ನೇ ವಯಸ್ಸಿನಲ್ಲಿ, ದಸರೆಯ ಸರಸ್ವತಿ ಪೂಜೆಯೊಳಗೆ ಓದು ಕಲಿಯುತ್ತೇನೆ ಎಂದು ಹಟ ಹಿಡಿದು ಕಲಿಯುತ್ತಾಳೆ. ಕಲಿಸಿದ ಮೊಮ್ಮಗಳ ಕಾಲು ಮುಟ್ಟಿ ನಮಸ್ಕರಿಸುತ್ತಾಳೆ, ಗುರು ಎಂದು. ಅಜ್ಜಿ ಕಲಿಸುವವಳು, ಮೊಮ್ಮಗಳು ಕಲಿಯುವವಳು ಎಂಬ ಲೆಕ್ಕ ಇಲ್ಲಿ ತಿರುಗಿ ನಿಂತಿದೆ.

ಅಜ್ಜಿಯೋ, ಆಯಿಯೋ, ಅವ್ವನೋ?

ಆ ಕಥೆಯಲ್ಲಿ ಮೊಮ್ಮಗಳು ಅಜ್ಜಿಯನ್ನು ಕರೆಯುವುದು ಅವ್ವ ಎಂದು. ಈ ಭಾಗದ ಮನೆಗಳಲ್ಲಿ ಇದು ಹೊಸದಲ್ಲ. ಹೆತ್ತವಳನ್ನು ಅವ್ವ, ಅವಳ ತಾಯಿಯನ್ನು ಅಮ್ಮ ಎನ್ನುವವರಿದ್ದಾರೆ. ಆಯಿ ಎನ್ನುವವರಿದ್ದಾರೆ. ವಿಜಯಪುರ, ಕಲಬುರಗಿ ಕಡೆಯಾದರೆ ಅಜ್ಜ ಮುತ್ಯಾ ಆಗುತ್ತಾನೆ, ಮೈಸೂರು-ಬೆಂಗಳೂರು ಕಡೆ ತಾತ. ಅನುವಾದದ ಪುಸ್ತಕಗಳಲ್ಲಿ ಮಾತ್ರ ಎಲ್ಲರೂ 'ಅಜ್ಜಿ', 'ತಾತ'. ಓದಿ ಹೇಳುವಾಗ ಆ ಹೆಸರನ್ನು ಬದಲಿಸಿಕೊಳ್ಳಬಾರದೆಂಬ ಕಾನೂನೇನೂ ಇಲ್ಲ. 'ಕನ್ನಡಕ' ಎಂದಿದ್ದರೆ 'ಚಾಳೀಸು' ಎನ್ನಿ, ಮಗು ತನ್ನ ಅಜ್ಜಿಯ ಮುಖವನ್ನೇ ನೋಡುತ್ತದೆ.

ಬಾಯಲ್ಲಿ ಅಷ್ಟೇ ಅಲ್ಲ, ಅಚ್ಚಿನಲ್ಲೂ ಬದಲಿಸಬಹುದು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಜಾಲತಾಣದ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿವೆ. ಅಂದರೆ ದುಡ್ಡು ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಬಹುದು, ಇನ್ನೊಂದು ಭಾಷೆಗೆ ತರಬಹುದು. ಬರೆದವರ, ಚಿತ್ರ ಮಾಡಿದವರ ಹೆಸರು ಹಾಕಬೇಕು, ಬದಲಾವಣೆ ಮಾಡಿದ್ದರೆ ಅದನ್ನೂ ಹೇಳಬೇಕು. ಒಬ್ಬ ಶಿಕ್ಷಕಿ ಮನಸ್ಸು ಮಾಡಿದರೆ ಹಾವೇರಿ ಮಾತಿನಲ್ಲೇ ಒಂದು ಅಜ್ಜಿ ಕಥೆಯನ್ನು ಸಿದ್ಧಮಾಡಿ ತರಗತಿಗೆ ತರಬಹುದು. ಚೆನ್ನೈನ ತೂಲಿಕಾ ಪ್ರಕಾಶನ ಬೇರೆ ದಾರಿ ಹಿಡಿದಿದೆ. ಒಂದೇ ಪುಟದಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡೂ ಇರುವ ಚಿತ್ರಪುಸ್ತಕಗಳನ್ನು ಅದು ತರುತ್ತದೆ. ಇಂಗ್ಲಿಷ್ ಮೀಡಿಯಂ ಮೊಮ್ಮಗ, ಕನ್ನಡ ಓದುವ ಅಜ್ಜ ಇರುವ ಮನೆಗೆ ಇದು ಹೇಳಿ ಮಾಡಿಸಿದಂತಿದೆ.

ಸಾವು, ಮರೆವು: ಹೇಳಬೇಕೋ ಬೇಡವೋ

ಮಗು ಮೊದಲು ಕಾಣುವ ಹತ್ತಿರದವರ ಸಾವು ಹೆಚ್ಚಿನ ಸಲ ಅಜ್ಜನದ್ದೋ ಅಜ್ಜಿಯದ್ದೋ ಆಗಿರುತ್ತದೆ. ಮನೆಯವರು ಏನು ಹೇಳುತ್ತಾರೆ? "ಅಜ್ಜ ಊರಿಗೆ ಹೋಗ್ಯಾನ", "ಅಜ್ಜಿ ಮಲಗ್ಯಾಳ". ಮಗು ನಂಬುತ್ತದೆ. ಊರಿಗೆ ಹೋದವರು ಬರಬೇಕಲ್ಲ ಎಂದು ಬಾಗಿಲು ಕಾಯುತ್ತದೆ. ಮಲಗಿದವರು ಏಳದಿದ್ದರೆ ತಾನೂ ಮಲಗಲು ಹೆದರುತ್ತದೆ. ಸಣ್ಣ ಮಕ್ಕಳಿಗೆ ಮಾತಿನ ನೇರ ಅರ್ಥವಷ್ಟೇ ತಿಳಿಯುವುದು, ಮರೆಮಾಚಿದ ಅರ್ಥ ತಿಳಿಯುವುದಿಲ್ಲ.

ಚಿತ್ರಪುಸ್ತಕ ಮಾಡಿದವರು ಇದನ್ನು ಬಹಳ ಹಿಂದೆಯೇ ಎದುರಿಸಿದ್ದಾರೆ. ಅಮೆರಿಕದ ಟೋಮಿ ಡಿಪಾವೊಲಾ 1973ರಲ್ಲೇ ಮಾಡಿದ ಪುಸ್ತಕವೊಂದರಲ್ಲಿ ಟಾಮಿ ಎಂಬ ಹುಡುಗನಿಗೆ ಒಂದೇ ಮನೆಯಲ್ಲಿ ಇಬ್ಬರು ಅಜ್ಜಿಯರು, ಕೆಳಗಿನ ಮನೆಯಲ್ಲಿ ಅಜ್ಜಿ, ಮಹಡಿ ಮೇಲೆ ಹಾಸಿಗೆ ಹಿಡಿದ ಮುತ್ತಜ್ಜಿ. ಒಂದು ದಿನ ಮೇಲಿನ ಮಂಚ ಖಾಲಿ. ಅವನ ತಾಯಿ ಸುತ್ತಿ ಬಳಸಿ ಹೇಳದೆ ಸತ್ತಳು ಎಂದೇ ಹೇಳುತ್ತಾಳೆ, ಇನ್ನು ಬರುವುದಿಲ್ಲ, ನೆನಪಿನಲ್ಲಿ ಬರುತ್ತಾಳೆ ಎನ್ನುತ್ತಾಳೆ. ಐವತ್ತು ವರ್ಷಗಳಿಂದ ಓದಿಸಿಕೊಂಡು ಬಂದಿರುವ ಪುಸ್ತಕ ಅದು.

ಮರೆವಿನ ವಿಷಯ ಇನ್ನೂ ಸೂಕ್ಷ್ಮ. ಅರವತ್ತಕ್ಕೆ ಅರಳು ಮರಳು ಎಂದು ಇಲ್ಲಿ ನಕ್ಕು ಬಿಡುತ್ತಾರೆ. ಅಜ್ಜ ಮೊಮ್ಮಗಳ ಹೆಸರನ್ನೇ ಮರೆತಾಗ ಮಗುವಿಗೆ ನಗು ಬರುವುದಿಲ್ಲ, ತನ್ನ ಮೇಲೆ ಸಿಟ್ಟಾಗಿದ್ದಾನೆ ಅಂದುಕೊಳ್ಳುತ್ತದೆ. ಡಿಮೆನ್ಶಿಯಾ ಒಂದು ಕಾಯಿಲೆ, ಬೇಕೆಂದು ಮಾಡುವುದಲ್ಲ ಎಂದು ಮಗುವಿಗೆ ಯಾರಾದರೂ ಹೇಳಬೇಕು. ಆಸ್ಟ್ರೇಲಿಯಾದ ಮೆಮ್ ಫಾಕ್ಸ್ 1984ರಲ್ಲಿ ಬರೆದ ಕಥೆಯ ಹುಡುಗನ ಪಕ್ಕದ ಮನೆ ಒಂದು ವೃದ್ಧಾಶ್ರಮ. ಅಲ್ಲಿನ 96 ವರ್ಷದ ಮಿಸ್ ನ್ಯಾನ್ಸಿಗೆ ನೆನಪು ಹೋಗುತ್ತಿದೆ ಎಂದು ಕೇಳಿ, ನೆನಪು ಅಂದರೇನು ಎಂದು ಅವನು ಒಬ್ಬೊಬ್ಬರನ್ನೂ ಕೇಳಿಕೊಂಡು ಬರುತ್ತಾನೆ. ಆಮೇಲೆ ತನ್ನ ಹತ್ತಿರವಿದ್ದ ಚಿಪ್ಪು, ಗೊಂಬೆ, ಅಜ್ಜ ಕೊಟ್ಟ ಪದಕ, ಬೆಚ್ಚಗಿನ ಕೋಳಿಮೊಟ್ಟೆ ಎಲ್ಲ ಬುಟ್ಟಿಗೆ ಹಾಕಿ ಒಯ್ದು ಕೊಡುತ್ತಾನೆ. ಒಂದೊಂದನ್ನು ಮುಟ್ಟಿದಾಗಲೂ ಆಕೆಗೆ ಏನೋ ಒಂದು ನೆನಪಾಗುತ್ತದೆ. ಕಥೆಯಲ್ಲಿ ಕಾಯಿಲೆ ವಾಸಿಯಾಗುವುದಿಲ್ಲ. ಇಂಥ ವಿಷಯದಲ್ಲಿ ಸುಳ್ಳು ಭರವಸೆ ಕೊಡುವ ಪುಸ್ತಕಕ್ಕಿಂತ ಇದು ಮೇಲು.

ಓದು ಬಾರದಿದ್ದರೆ ಓದುವುದು ಹೇಗೆ?

ಅಡುಗೂಲಜ್ಜಿ ಕಥೆ ಕೇಳಿ ಬೆಳೆದವರಿಗೆ ಇದು ಕಷ್ಟವೇನಲ್ಲ. ಪುಸ್ತಕ ಮಗುವಿನ ಕೈಯಲ್ಲಿರಲಿ, ಪುಟ ಅದೇ ತಿರುವಲಿ. ಅಜ್ಜಿ ಚಿತ್ರ ನೋಡಿ ಕೇಳಿದರೆ ಸಾಕು: "ಇದೇನೈತಿ? ಇವ ಯಾಕ ಓಡಾಕತ್ಯಾನ?" ಮಗು ಹೇಳುತ್ತದೆ. ಅಚ್ಚಾದ ಕಥೆ ಬೇರೆ, ಅಜ್ಜಿ-ಮೊಮ್ಮಗು ಸೇರಿ ಕಟ್ಟಿದ ಕಥೆ ಬೇರೆ ಆದರೆ ನಷ್ಟವಿಲ್ಲ. ನಡುವೆ ಅಜ್ಜಿ "ನಾ ಸಣ್ಣಾಕಿ ಇದ್ದಾಗ ಹಿಂಗಾ ಒಂದ್ ಸಲ..." ಎಂದು ಬೇರೆ ದಾರಿ ಹಿಡಿದರೆ ಹಿಡಿಯಲಿ ಬಿಡಿ, ಬೇಕಾಗಿರುವುದು ಅದೇ. ಸಂಜೆ ಮನೆಗೆ ಬಂದ ಅಪ್ಪ-ಅವ್ವ "ಅದು ಹಂಗಲ್ಲ, ಇಲ್ಲಿ ಬರದದ್ದು ಬ್ಯಾರೆ" ಎಂದು ತಿದ್ದಲು ಹೋಗದಿದ್ದರೆ ಆಯಿತು. ತಿದ್ದಿಸಿಕೊಂಡ ಅಜ್ಜಿ ಮರುದಿನ ಪುಸ್ತಕ ಮುಟ್ಟುವುದಿಲ್ಲ.

ಎ.ಕೆ. ರಾಮಾನುಜನ್ 1991ರಲ್ಲಿ ಪ್ರಕಟಿಸಿದ ಭಾರತದ ಜನಪದ ಕಥೆಗಳ ಸಂಗ್ರಹದಲ್ಲಿ ಕನ್ನಡದ ಒಂದು ಕಥೆ ಇದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಒಳಗೇ ಇದ್ದು ಇದ್ದು ಉಸಿರುಗಟ್ಟಿದ ಅವು, ಆಕೆ ಮಲಗಿದ್ದಾಗ ಹೊರಬಂದು ಜೋಡು ಚಪ್ಪಲಿಯಾಗಿ, ಕೋಟಾಗಿ ಮನೆಯಲ್ಲಿ ಕೂತು ಗಂಡ-ಹೆಂಡತಿಗೆ ಜಗಳ ಹಚ್ಚಿದವು. ಹೇಳದೆ ಉಳಿದ ಕಥೆ ಸೇಡು ತೀರಿಸಿಕೊಳ್ಳುತ್ತದೆ ಎಂಬುದು ಇಲ್ಲಿನ ಹೆಂಗಸರಿಗೆ ಗೊತ್ತಿದ್ದ ವಿಷಯವೇ.

ಕಣ್ಣಿನ ಪೊರೆ ಇರುವವರಿಗೆ ಬೆಳಕು ಮುಖ್ಯ. ಕರೆಂಟಿನ ಮಂದ ಬೆಳಕಿಗಿಂತ ಹಗಲು ಹೊತ್ತು ಕಟ್ಟೆಯ ಮೇಲೆ ಕೂತು ನೋಡುವುದು ವಾಸಿ. ಕೊಳ್ಳುವಾಗ ಅಗಲ ಪುಟ, ದೊಡ್ಡ ಚಿತ್ರ ಇರುವುದನ್ನೇ ಆರಿಸಬೇಕು. ಮೊಬೈಲಿನಲ್ಲಿ ಚಿತ್ರ ಬೆರಳಿನಿಂದ ದೊಡ್ಡದು ಮಾಡಬಹುದು, ಆದರೆ ಎರಡು ನಿಮಿಷಕ್ಕೆ ಮಗುವಿನ ಬೆರಳು ಯೂಟ್ಯೂಬಿಗೆ ಹೋಗುತ್ತದೆ. ಪಿಡಿಎಫ್ ಇಳಿಸಿಕೊಂಡು ನೆಟ್ ಬಂದ್ ಮಾಡಿ ಕೊಡುವುದು ಒಂದು ಉಪಾಯ.

ಕಾಗದದ ಪುಸ್ತಕ ಬೇಕಿದ್ದರೆ ಮೊದಲು ಹೋಗಬೇಕಾದ್ದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಈಗಿನ ಹೆಸರು ಅರಿವು ಕೇಂದ್ರ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಕ್ಕನ ಹೆಸರಲ್ಲಿ ತಂದ ಪುಸ್ತಕವನ್ನು ಮೂರು ವರ್ಷದ ತಮ್ಮನೂ ನೋಡಬಹುದು. ಅಲ್ಲಿ ಚಿತ್ರಪುಸ್ತಕ ಇಲ್ಲದಿದ್ದರೆ ಬೇಕು ಎಂದು ಕೇಳಬೇಕು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ ಪ್ರಕಾಶನಗಳೂ ಕನ್ನಡದಲ್ಲಿ ಮಕ್ಕಳ ಪುಸ್ತಕ ತರುತ್ತವೆ.

ಏನೂ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ನಾಲ್ಕು ಎ4 ಹಾಳೆ ಒಂದರ ಮೇಲೊಂದು ಇಟ್ಟು ನಡುವೆ ಮಡಚಿದರೆ 16 ಪುಟ. ಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು ಮಾಡಿ ದಾರ ಪೋಣಿಸಿ ಗಂಟು ಹಾಕಿದರೆ ಪುಸ್ತಕ ಸಿದ್ಧ. ಕೌದಿ ಹೊಲಿದ ಅಜ್ಜಿಯರಿಗೆ ಇದು ಎಡಗೈ ಕೆಲಸ. ಅಜ್ಜಿ ಹೇಳಲಿ, ಮಗು ಚಿತ್ರ ಬಿಡಿಸಲಿ, ಶಾಲೆಗೆ ಹೋಗುವ ಇನ್ನೊಬ್ಬರು ಪುಟಕ್ಕೊಂದು ಸಾಲಿನಂತೆ ಬರೆಯಲಿ. ಬರೆಯುವಾಗ ಪುಸ್ತಕದ ಕನ್ನಡಕ್ಕೆ ತಿದ್ದದೆ ಅಜ್ಜಿ ಆಡಿದ ಹಾಗೇ ಬರೆಯುವುದು ಒಳ್ಳೆಯದು. ಮೇಲಿನ ಪುಟದಲ್ಲಿ ಕಥೆ ಹೇಳಿದವರ ಹೆಸರು, ಚಿತ್ರ ಬರೆದವರ ಹೆಸರು, ಊರು, ತಾರೀಖು ಹಾಕಬೇಕು. ಪೆನ್ಸಿಲ್ ಬರಹ ಬೇಗ ಮಾಸುತ್ತದೆ, ಪೆನ್ನಿನಲ್ಲೇ ಬರೆಯಿರಿ.